ನಲವತ್ತೆರಡನೆಯ ಲಕೋಟೆ

ತುಟಿ ದಪ್ಪ ಆದ ಹಾಗಿದೆಯಾ ಎಂದು ಅವನು ದಿನಕ್ಕೆ ಹತ್ತು ಹದಿನೈದು ಸಲ ಕೇಳುತ್ತಿದ್ದ. ಮಕ್ಕಳ ಹಲ್ಲಿನ ವಿಭಾಗದಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಕೇಳಲೇಬೇಕಾದ ಪ್ರಶ್ನೆ ಅದು. ಮರಗಟ್ಟಿತಾ ಎಂದರೆ ಮಕ್ಕಳಿಗೆ ತಿಳಿಯುವುದಿಲ್ಲ, ದಪ್ಪ ಎಂದರೆ ತಿಳಿಯುತ್ತದೆ. ಒಬ್ಬ ಹುಡುಗ ನನ್ನ ತುಟಿ ಬೇರೆ ಯಾರದೋ ಆಗಿದೆ ಎಂದಿದ್ದ. ಇನ್ನೊಬ್ಬಳು ತುಟಿ ಮಲಗಿದೆ, ಎಬ್ಬಿಸಬೇಡಿ ಎಂದಿದ್ದಳು. ಅಂಥ ಮಾತುಗಳನ್ನು ಮನೆಗೆ ಒಯ್ದು ಅಕ್ಕನಿಗೆ ಹೇಳಿ ನಗುತ್ತಿದ್ದ ಕಾಲವೊಂದಿತ್ತು. ಈಗ ಮಕ್ಕಳು ಏನೇ ಹೇಳಿದರೂ ತಲೆಯಾಡಿಸಿ, ಎರಡು ನಿಮಿಷ ಗಡಿಯಾರ ನೋಡಿ ಕೆಲಸ ಶುರು ಮಾಡುತ್ತಿದ್ದ. ಆ ದಿನ ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ ತನ್ನ ಎಡಗೆನ್ನೆಯೂ ಬೇರೆ ಯಾರದೋ ಇದ್ದ ಹಾಗೆ ಅನ್ನಿಸಿತ್ತು. ಒತ್ತಿ ನೋಡಿಕೊಂಡ. ಬೆರಳಿಗೆ ಕೆನ್ನೆ ಗೊತ್ತಾಯಿತು, ಕೆನ್ನೆಗೆ ಬೆರಳು ಗೊತ್ತಾಗಲಿಲ್ಲ. ಹಾಗೆಂದು ನಿಂತು ಯೋಚಿಸುವಷ್ಟು ಹೊತ್ತಿರಲಿಲ್ಲ. ಎರಡು ವರ್ಷದಿಂದ ನಡೆದ ಸಂಶೋಧನೆಯ ಕೊನೆಯ ದಿನ ಅದು. ಎಂಬತ್ತು ಮಕ್ಕಳಲ್ಲಿ ನೋಡಲು ಉಳಿದವಳು ಒಬ್ಬಳೇ, ಹತ್ತು ಗಂಟೆಗೆ ಬರಲಿದ್ದಳು. ಅವಳ ಸರದಿ ಮೂರು ವಾರದ ಹಿಂದೆಯೇ ಬಂದಿತ್ತು. ಎಕ್ಸ್‌ರೇ ಯಂತ್ರ ಕೆಟ್ಟಿದೆ ಎಂದು ಒಂದು ಸಲ, ಮೀಟಿಂಗ್ ಇದೆ ಎಂದು ಇನ್ನೊಂದು ಸಲ ಅವನೇ ಮುಂದೂಡಿದ್ದ. ಇನ್ನು ಮುಂದೂಡಲು ದಿನಗಳೇ ಉಳಿದಿರಲಿಲ್ಲ.

ಸಂಶೋಧನೆಯಲ್ಲಿ ಮಕ್ಕಳಿಗೆ ಹೆಸರಿಲ್ಲ, ನಂಬರು. ಬರಬೇಕಾಗಿದ್ದವಳು ನಲವತ್ತೆರಡು. ಅವಳ ಹೆಸರು ಅವನಿಗೆ ಗೊತ್ತಿತ್ತು, ಆದರೆ ಮನಸ್ಸಿನಲ್ಲಿ ಕರೆಯುವಾಗಲೂ ನಂಬರಿನಿಂದಲೇ ಕರೆಯುತ್ತಿದ್ದ, ಹಾಗೆ ಕರೆದರೆ ಮಗುವಿನ ಮುಖ ಸ್ವಲ್ಪ ದೂರ ಸರಿಯುತ್ತಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಬಾಯಿಹುಣ್ಣುಗಳ ವಿಭಾಗದ ಸಹೋದ್ಯೋಗಿ ಎದುರಾದಳು. ಅವಳ ಸಂಶೋಧನೆ ಬಾಯೊಳಗಿನ ಮಚ್ಚೆ, ಗಾಯ, ಬಿಳಿ ಕಲೆಗಳ ಮೇಲೆ. ಯಾರು ಆಕಳಿಸಿದರೂ ಬಗ್ಗಿ ನೋಡುವ ಚಟ ಬೆಳೆಸಿಕೊಂಡಿದ್ದಳು. ಹೋದ ತಿಂಗಳು ಕ್ಯಾಂಟೀನಿನಲ್ಲಿ ಅವನು ಆಕಳಿಸಿದ್ದೇ ತಪ್ಪಾಗಿ, ಕೈಹಿಡಿದು ಎಳೆದುಕೊಂಡು ಹೋಗಿ ತನ್ನ ಕುರ್ಚಿಯಲ್ಲಿ ಕೂರಿಸಿದ್ದಳು. ಹದಿಮೂರು ವರ್ಷ ಬೇರೆಯವರ ಬಾಯಿ ನೋಡಿದವನು ತಾನು ಬಾಯಿ ತೆರೆದು ಮಲಗಿದಾಗ ನಾಲಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ್ದ. ಇಬ್ಬರು ವಿದ್ಯಾರ್ಥಿನಿಯರನ್ನೂ ಕರೆದು ಅವಳು ತೋರಿಸಿದಳು: ನೋಡಿ, ಕೆನ್ನೆಯ ಒಳಗೋಡೆ, ಹಲ್ಲು ಕೂಡುವ ಗೆರೆಯುದ್ದಕ್ಕೂ ಬಿಳಿಯಾಗಿ ದೊರಗಾಗಿದೆ, ಅಂಚು ಹರಿದಿದೆ. ರೋಗ ಏನೂ ಅಲ್ಲ, ತಾನೇ ಕಚ್ಚಿ ಕಚ್ಚಿ ಮಾಡಿಕೊಂಡಿರುವುದು. ವಿದ್ಯಾರ್ಥಿನಿಯರು ಬರೆದುಕೊಂಡರು. ಕಚ್ಚುವಾಗ ಗೊತ್ತಾಗಲ್ವಾ ಎಂದು ಕೇಳಿದ್ದಳು. ಅವನ ಬಾಯಲ್ಲಿ ಕನ್ನಡಿ ಇದ್ದುದರಿಂದ ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ಈಗ ಕಾರಿಡಾರಿನಲ್ಲಿ ಅವಳು ತನ್ನ ಕೆನ್ನೆಯನ್ನು ಬೆರಳಿನಿಂದ ತಟ್ಟಿ ತೋರಿಸಿ, ಬಿಟ್ಟರಾ ಎಂದು ಕಣ್ಣಲ್ಲೇ ಕೇಳಿದಳು. ಬಿಟ್ಟೆ ಎಂದು ಅವನು ತಲೆಯಾಡಿಸಿದ. ಅವಳು ಮೂಲೆ ತಿರುಗಿದ ಮೇಲೆ ತಾನು ಕಚ್ಚುತ್ತಲೇ ಇದ್ದೇನೆ ಎಂದು ಗೊತ್ತಾಯಿತು.

ಹತ್ತಕ್ಕೆ ಐದು ನಿಮಿಷ ಇರುವಾಗಲೇ ತಾಯಿ ಮಗಳು ಬಂದರು. ತಾಯಿ ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದವಳು. ನೆಲಮಾಳಿಗೆಯಲ್ಲಿ ದೊಡ್ಡ ಯಂತ್ರಗಳ ನಡುವೆ ಹಾಸಿಗೆಯ ಚಾದರ ಒಗೆದು, ಒಣಗಿಸಿ, ಮಡಿಸಿ ಗಾಡಿಗೆ ತುಂಬುವುದು ಅವಳ ಕೆಲಸ. ಮೇಲೆ ಬರುವಾಗ ಏಪ್ರನ್ ಬಿಚ್ಚಿ ಕೈಯಲ್ಲಿ ಹಿಡಿದಿರುತ್ತಿದ್ದಳು, ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಮಾಡುತ್ತಿದ್ದಳು. ಮಗಳಿಗೆ ಎಂಟು ವರ್ಷ. ಕುರ್ಚಿಗೆ ತಾನೇ ಹತ್ತಿ, ದೀಪ ಹಚ್ಚುವ ಮೊದಲೇ ಬಾಯಿ ತೆರೆದು, ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡಳು. ಕೈ ಅಡ್ಡ ತರಬಾರದು ಎಂದು ಯಾರೋ ಹೇಳಿಕೊಟ್ಟಿದ್ದಿರಬೇಕು, ತಾನೇ ಇರಬಹುದು. ಕೆಳಗೆ ಬಲಬದಿಯಲ್ಲಿ ಒಂದು ಹಲ್ಲಿನ ಜಾಗ ಖಾಲಿ ಇತ್ತು. ಪಕ್ಕದ ಹಲ್ಲುಗಳು ವಾಲಿ ಆ ಜಾಗ ನುಂಗದಿರಲಿ ಎಂದು ಆರು ತಿಂಗಳ ಹಿಂದೆ ಅವನೇ ಕೂರಿಸಿದ್ದ ತಂತಿ ಇತ್ತು. ವಸಡು ಗುಲಾಬಿಯಾಗಿ, ನಯವಾಗಿ, ಅಲ್ಲಿ ಎಂದೂ ಏನೂ ಆಗಿಯೇ ಇಲ್ಲವೆನ್ನುವ ಹಾಗೆ ಕೂಡಿಕೊಂಡಿತ್ತು. ಅವನು ಕನ್ನಡಿ ಹಿಡಿದುಕೊಂಡು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಆ ಜಾಗವನ್ನೇ ನೋಡಿದ.

ತಾಯಿ ಹಿಂದಿನಿಂದ, ಪ್ರತಿಸಲದ ಹಾಗೆ, ಕ್ಷಮೆ ಕೇಳಿದಳು. ಇವಳು ಕದ್ದು ಸಿಹಿ ತಿಂದು ತಿಂದು ಹಲ್ಲು ಕೆಡಿಸಿಕೊಂಡಳು, ನಿಮ್ಮ ಅಷ್ಟು ದೊಡ್ಡ ಕೆಲಸಕ್ಕೆ ನಮ್ಮಿಂದ ಕಪ್ಪು ಚುಕ್ಕೆ ಆಯಿತು, ಉಳಿದ ಮಕ್ಕಳದ್ದೆಲ್ಲ ಚೆನ್ನಾಗಿದೆಯಂತಲ್ಲ ಎಂದಳು. ಅವನು ಹಾಗೇನಿಲ್ಲ ಎಂದ. ಪ್ರತಿಸಲವೂ ಇದನ್ನೇ ಅನ್ನುತ್ತಿದ್ದ. ಆ ಮಾತಿಗೆ ಅವಳು ದೊಡ್ಡವರ ದೊಡ್ಡತನ ಎಂಬ ಅರ್ಥ ಹಚ್ಚಿಕೊಂಡು ಇನ್ನಷ್ಟು ಕುಗ್ಗುತ್ತಿದ್ದಳು. ಕುರ್ಚಿಯಲ್ಲಿದ್ದ ಹುಡುಗಿ ಬಾಯಿ ತೆರೆದುಕೊಂಡೇ ಚಾವಣಿಯ ಕಡೆ ನೋಡುತ್ತಿದ್ದಳು.

ಎರಡು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ, ಇದೇ ಹೊತ್ತಿಗೆ, ಅಕ್ಕನ ಮಗ ಕೂತಿದ್ದ. ನಲವತ್ತೊಂದು. ಅವನನ್ನು ಮನೆಯಲ್ಲಿ ಎಲ್ಲರೂ ಮರಿ ಎಂದೇ ಕರೆಯುತ್ತಿದ್ದರು, ಆರು ವರ್ಷವಾದರೂ ಕಂಕುಳಲ್ಲಿ ಎತ್ತಿಕೊಳ್ಳುವಷ್ಟು ಹಗುರ. ಮೂರು ದಿನದಿಂದ ಹಲ್ಲುನೋವೆಂದು ಅನ್ನ ಮುಟ್ಟಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಅವ್ವ ಹೋದಾಗ ಅವನಿಗೆ ಒಂಬತ್ತು, ಅಕ್ಕನಿಗೆ ಹದಿನೇಳು. ಅಂದಿನಿಂದ ಅವನ ಅಂಗಿಯ ಗುಂಡಿಯಿಂದ ಹಿಡಿದು ಕಾಲೇಜಿನ ಅರ್ಜಿಯವರೆಗೆ ಎಲ್ಲ ಅಕ್ಕನ ಕೈಯಿಂದಲೇ ಹಾದುಬಂದಿದ್ದು. ಈಗಲೂ ಅವನು ಅವಳ ಮನೆಯ ಮಹಡಿಯ ಕೋಣೆಯಲ್ಲೇ ಇದ್ದ. ನೀನಿದ್ದೀಯಲ್ಲ, ನನಗೇನು ಹೆದರಿಕೆ ಎಂದು ಅವಳು ಮಗುವನ್ನು ಒಳಗೆ ಕಳಿಸಿದ್ದಳು. ಸಂಶೋಧಕನ ನೆಂಟರಿಷ್ಟರನ್ನು ಸೇರಿಸಬಾರದೆಂದು ನಿಯಮದಲ್ಲಿ ಬರೆದಿರಲಿಲ್ಲ, ಬರೆಯಬೇಕೆಂದು ಯಾರಿಗೂ ತೋಚಿರಲಿಲ್ಲ. ಮಕ್ಕಳ ಸಂಖ್ಯೆ ತುಂಬದೆ ಪ್ರೊಫೆಸರ್ ಮೇಡಂ ಚಡಪಡಿಸುತ್ತಿದ್ದ ಸಮಯ ಬೇರೆ.

ಹುಳುಕು ಹಲ್ಲಿನೊಳಗೆ ತಿರುಳಿನವರೆಗೆ ಇಳಿದರೆ, ಕೆಟ್ಟ ಭಾಗ ಕತ್ತರಿಸಿ, ಉಳಿದ ತಿರುಳಿನ ಮೇಲೆ ಔಷಧಿಯಿಟ್ಟು ಮುಚ್ಚಿ, ಮೇಲೆ ಸ್ಟೀಲಿನ ಟೋಪಿ ಕೂರಿಸುತ್ತಾರೆ. ಔಷಧಿ ಎರಡು ಬಗೆ. ಹಳೆಯದು ಮೂಗಿಗೆ ಘಾಟು ಹೊಡೆಯುವಂಥದ್ದು, ತಿರುಳನ್ನು ಇದ್ದಲ್ಲೇ ಗಟ್ಟಿ ಮಾಡಿ ಇಡುತ್ತದೆ, ಆಮೇಲೆ ಅದನ್ನು ಬದುಕಿದೆ ಎನ್ನುವ ಹಾಗಿಲ್ಲ, ಸತ್ತಿದೆ ಎನ್ನುವ ಹಾಗೂ ಇಲ್ಲ. ಹೊಸದು ಬಿಳಿ ಸಿಮೆಂಟು, ತಿರುಳನ್ನು ಬದುಕಿಸಿಕೊಳ್ಳುತ್ತದೆ ಎಂದು ಮಾತು. ನಿಜವೋ ಸುಳ್ಳೋ ತಿಳಿಯಲಿಕ್ಕೇ ಸಂಶೋಧನೆ. ಯಾವ ಮಗುವಿಗೆ ಯಾವುದು ಎಂದು ವೈದ್ಯ ಆರಿಸಬಾರದು. ಅಂಕಿಸಂಖ್ಯೆ ವಿಭಾಗದವರು ಚೀಟಿ ಬರೆದು, ದಪ್ಪ ಕಂದು ಲಕೋಟೆಗಳಲ್ಲಿಟ್ಟು ಅಂಟಿಸಿ, ಮೇಲೆ ನಂಬರು ಹಾಕಿ ಕೊಟ್ಟಿದ್ದರು. ಮಗು ಕುರ್ಚಿಯಲ್ಲಿ ಕೂತ ಮೇಲೆ ಸರದಿಯ ಲಕೋಟೆ ಹರಿಯಬೇಕು. ಮರಿಯ ತುಟಿ ದಪ್ಪಗಾಗುವ ಎರಡು ನಿಮಿಷದಲ್ಲಿ ಅವನು ನಲವತ್ತೊಂದನೆಯದನ್ನು ಹರಿದ. ಹಳೆಯದು. ಚೀಟಿ ಕೈಯಲ್ಲಿ ಹಿಡಿದು ನಿಂತ. ನರ್ಸು ಹತ್ತಿ ತರಲು ಹೋಗಿದ್ದಳು. ಅವನು ನಲವತ್ತೆರಡನ್ನೂ ಹರಿದ. ಹೊಸದು. ಚೀಟಿಗಳನ್ನು ಅದಲು ಬದಲು ಮಾಡಿದ. ನಲವತ್ತೆರಡಕ್ಕೆ ಹೊಸ ಲಕೋಟೆ ಹಾಕಿ, ಅಂಟಿಸಿ, ತನ್ನ ಕೈಯಿಂದಲೇ ನಂಬರು ಬರೆದ, ಅಂಕಿಯ ಬಾಲ ಮೊದಲಿನವರು ಬರೆದಷ್ಟೇ ಉದ್ದ ಬರುವ ಹಾಗೆ. ಕೈಗವಸು ಹಾಕಿಕೊಳ್ಳಲು ಹಿಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಆಗ ಎದೆ ಹೊಡೆದುಕೊಂಡಿತೇ ಎಂದು ಆಮೇಲೆ ಎಷ್ಟೋ ಸಲ ನೆನಪು ಮಾಡಿಕೊಳ್ಳಲು ನೋಡಿದ್ದಾನೆ. ಹೊಡೆದುಕೊಂಡಿದ್ದು ನೆನಪಿಲ್ಲ. ಅಂಕಿಯ ಬಾಲ ಮಾತ್ರ ನೆನಪಿದೆ.

ಅರ್ಧ ಗಂಟೆಯ ಮೇಲೆ ಲಾಂಡ್ರಿಯವಳ ಮಗಳು ಕೂತಳು. ಯಾರ ಮಗು ಬರುತ್ತದೆಂದು ಲಕೋಟೆ ಹರಿಯುವಾಗ ಅವನಿಗೆ ಗೊತ್ತಿರಲಿಲ್ಲ. ಈ ಒಂದು ಮಾತನ್ನು ಅವನು ಮೊದಲ ತಿಂಗಳೆಲ್ಲ ಊರುಗೋಲಿನಂತೆ ಹಿಡಿದು ನಡೆದಿದ್ದ. ಆ ದಿನ ಅವಳ ಹಲ್ಲಿಗೆ ಅವನು ಮಾಡಿದಷ್ಟು ಜತನದ ಕೆಲಸವನ್ನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಟೋಪಿಯನ್ನು ಮೂರು ಸಲ ತೆಗೆದು, ಅಂಚು ಸರಿಮಾಡಿ ಕೂರಿಸಿದ. ನರ್ಸು, ಡಾಕ್ಟ್ರು ಇವತ್ತು ಒಡವೆ ಮಾಡ್ತಿದ್ದಾರೆ ಎಂದು ನಕ್ಕಿದ್ದಳು.

ಒಂದೂವರೆ ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ತಾಯಿ ಮಗಳನ್ನು ಎಳೆದುಕೊಂಡೇ ಬಂದಳು. ಬಲಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು, ವಸಡಿನ ಮೇಲೆ ಕೀವುಗುಳ್ಳೆ ಎದ್ದಿತ್ತು, ಎಕ್ಸ್‌ರೇಯಲ್ಲಿ ಬೇರಿನ ಕವಲಿನಲ್ಲಿ ಮೂಳೆ ಕರಗಿ ಕಪ್ಪು ನೆರಳು. ತುಟಿಯ ಅಂಚಿನಲ್ಲಿ ಬೇರೆಯದೇ ಒಂದು ಸಣ್ಣ ಗಾಯ ಇತ್ತು, ಒಡೆದು ಹೆಪ್ಪುಗಟ್ಟಿದ್ದು. ಅದೇನೆಂದು ಅವನು ಕೇಳಲಿಲ್ಲ. ಹಲ್ಲು ಕೀಳಬೇಕಾಯಿತು. ಕಿತ್ತ ಹಲ್ಲನ್ನು ಟ್ರೇಯಲ್ಲಿ ಹಾಕಿದಾಗ ಟೋಪಿ ಹಾಗೇ ಭದ್ರವಾಗಿ ಕೂತಿತ್ತು, ಹೊಳೆಯುತ್ತಿತ್ತು. ಅಂದು ಸಂಜೆ ಮನೆಯಲ್ಲಿ ಭಾವ ಮರಿಯ ಬಾಯಿ ಅಗಲಿಸಿ ನೆಂಟರೊಬ್ಬರಿಗೆ ತೋರಿಸುತ್ತಿದ್ದ. ಮನೆಯಲ್ಲೊಬ್ಬ ಹಲ್ಲಿನ ಡಾಕ್ಟ್ರು ಇದ್ದರೆ ನೋಡಿ, ಬೆಳ್ಳಿ ಹಲ್ಲು ಪುಕ್ಕಟೆ ಎಂದು ನಗಿಸಿದ. ನೆಂಟರು ಹಾಲುಹಲ್ಲಿಗೆ ಇಷ್ಟೆಲ್ಲ ಯಾಕಪ್ಪ, ಹೇಗಿದ್ದರೂ ಬೀಳೋದು ತಾನೇ ಎಂದರು. ಅಕ್ಕ ಮಾತ್ರ, ಅವನು ಮಾಡಿದ್ದಕ್ಕೇ ಉಳಿಯಿತು ಎಂದು ತಮ್ಮನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು. ಅವನು ಉಂಡ. ಉಣ್ಣುವಾಗ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಲ್ಲ ಎಂದು ಕಾದ. ಹುಡುಗಿಯ ಊದಿದ ಮುಖವನ್ನು ಕಣ್ಣ ಮುಂದೆ ತಂದುಕೊಂಡು ಕೂತ. ಬಂತು, ಹೋಯಿತು. ಕೆನ್ನೆ ಕಚ್ಚುವುದು ಶುರುವಾದದ್ದು ಆ ವಾರವೇ ಇರಬೇಕು.

ಈಗ ಅವನು ಕನ್ನಡಿ ಕೆಳಗಿಟ್ಟು, ಒಂದು ಎಕ್ಸ್‌ರೇ ತೆಗೆದು, ಆಯಿತು ಇಳಿ ಎಂದ. ತಂತಿ ಇನ್ನೆರಡು ವರ್ಷ ಇರಬೇಕು, ಆರು ತಿಂಗಳಿಗೊಮ್ಮೆ ತೋರಿಸಿ ಎಂದು ತಾಯಿಗೆ ಹೇಳಿದ. ಅವರು ಹೋದ ಮೇಲೆ ಫಾರಂ ತುಂಬಲು ಕೂತ. ನಂಬರು, ವಯಸ್ಸು, ಹಲ್ಲು, ಫಲಿತಾಂಶ. ಫಲಿತಾಂಶದ ಮುಂದೆ ವಿಫಲ ಎಂದು ಬರೆದ. ಔಷಧಿಯ ಮನೆಯಲ್ಲಿ ಏನು ಬರೆಯಬೇಕು? ಅಂಕಿಸಂಖ್ಯೆಯವರ ಮೂಲ ಪಟ್ಟಿಯಲ್ಲಿ ನಲವತ್ತೆರಡು ಅಂದರೆ ಹೊಸದು. ತಾನೂ ಹಾಗೇ ಬರೆದರೆ, ಎರಡು ಪಟ್ಟಿ ತಾಳೆ ನೋಡಿದ ದಿನ ಲಾಂಡ್ರಿಯವಳ ಮಗಳ ಸೋಲು ಹೊಸ ಔಷಧಿಯ ತಲೆಗೆ ಬೀಳುತ್ತದೆ, ಮರಿಯ ಗೆಲುವು ಹಳೆಯದರ ಕಿರೀಟಕ್ಕೆ. ಯಾರಿಗೂ ತಿಳಿಯುವುದಿಲ್ಲ. ಸುಮ್ಮನಿದ್ದರೆ ಆಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಹೇಳಿದ್ದು ಹಲ್ಲಿನ ಡಾಕ್ಟರುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಎಂದು ವಿದ್ಯಾರ್ಥಿಯಾಗಿದ್ದಾಗ ತಮಾಷೆ ಮಾಡುತ್ತಿದ್ದರು. ಅವನು ಪೆನ್ನಿನ ಮುಚ್ಚಳ ಹಾಕಿದ. ಎದ್ದ. ಏನು ನಿರ್ಧಾರ ಮಾಡಿದೆನೆಂದು ತನಗೇ ಗೊತ್ತಾಗುವ ಮೊದಲು ಪ್ರೊಫೆಸರ್ ಮೇಡಂ ಕೋಣೆಯ ಬಾಗಿಲ ಮುಂದೆ ನಿಂತಿದ್ದ.

ಮೇಡಂಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಕಟ್ಟುನಿಟ್ಟಮ್ಮ. ಕೋಟಿನ ಗುಂಡಿ ಒಂದು ಬಿಚ್ಚಿದ್ದರೂ ಕ್ಲಿನಿಕ್ಕಿನಿಂದ ಹೊರಗೆ ಕಳಿಸುವವರು. ಇವರ ಕೈಯಲ್ಲಿ ಇವತ್ತು ನನ್ನ ಕಥೆ ಮುಗಿಯಿತು ಎಂದು ಅವನು ಅಂದುಕೊಂಡಿದ್ದ, ಹಾಗೆ ಮುಗಿಯಲಿ ಎಂಬ ಆಸೆಯೂ ಎಲ್ಲೋ ಇತ್ತು. ನಿಂತುಕೊಂಡೇ ಎಲ್ಲ ಹೇಳಿದ. ಲಕೋಟೆ, ಚೀಟಿ, ಅಕ್ಕನ ಮಗ, ಕೀವು, ಕಿತ್ತ ಹಲ್ಲು. ದನಿ ಎಲ್ಲೂ ನಡುಗಲಿಲ್ಲ, ಯಾರದೋ ಕೇಸು ಒಪ್ಪಿಸುವ ಹಾಗಿತ್ತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದು ಇನ್ನು ಯಾರಿಗೆ ಗೊತ್ತು ಎಂದು ಕೇಳಿದರು. ಯಾರಿಗೂ ಇಲ್ಲ ಎಂದ. ಅವರು ಕಂಪ್ಯೂಟರಿನ ಕಡೆ ತಿರುಗಿ ಏನೋ ಒತ್ತಿದರು, ಕಾದರು, ಮತ್ತೆ ಒತ್ತಿದರು. ಪರದೆಯನ್ನು ಅವನ ಕಡೆಗೆ ತಿರುಗಿಸಿದರು.

"ನೋಡಿ. ಇದು ಎಂಬತ್ತು ಮಕ್ಕಳದ್ದು. ಇದು ಆ ಇಬ್ಬರನ್ನ ಬಿಟ್ಟು. ಏನಾದ್ರೂ ವ್ಯತ್ಯಾಸ ಇದೆಯಾ?"

ಫಲಿತಾಂಶದ ಸಂಖ್ಯೆಯಲ್ಲಿ ದಶಮಾಂಶ ಬಿಂದುವಿನ ಆಚೆ ಮೂರನೆಯ ಅಂಕಿ ಬದಲಾಗಿತ್ತು. ನಾಲ್ಕು ಇದ್ದದ್ದು ಆರು. ಅವನು ಬಗ್ಗಿ ನೋಡಿದ. ಆ ನಾಲ್ಕು ಆರಾಗುವ ನಡುವೆ ಹುಡುಗಿಯ ಊದಿದ ಕೆನ್ನೆ, ಮರಿಯ ಬೆಳ್ಳಿ ಹಲ್ಲು, ಅಕ್ಕನ ಒಂದು ಸೌಟು ಅನ್ನ ಎಲ್ಲ ಸೇರಿಹೋಗಿತ್ತು. ಮೇಡಂ ಬಯ್ಯಲಿಲ್ಲ. ಬಯ್ಯುವಷ್ಟು ಅವನ ಮೇಲೆ ಗಮನ ಇದ್ದಂತೆಯೂ ಕಾಣಲಿಲ್ಲ. ಇಬ್ಬರನ್ನೂ ಲೆಕ್ಕದಿಂದ ಕೈಬಿಡೋಣ, ನಿಯಮ ತಪ್ಪಿದ್ದಕ್ಕೆ ಎರಡು ಮಕ್ಕಳನ್ನು ಸೇರಿಸಿಲ್ಲ ಎಂದು ಕೆಳಗೊಂದು ಸಾಲು ಹಾಕೋಣ, ನೈತಿಕ ಸಮಿತಿಗೆ ನಾನೇ ಪತ್ರ ಬರೆಯುತ್ತೇನೆ, ಇನ್ನು ಮೇಲೆ ಲಕೋಟೆ ಹರಿಯುವ ಕೆಲಸ ನಿಮಗಿರುವುದಿಲ್ಲ ಎಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, ಹಳೇ ಔಷಧಿಯಲ್ಲೂ ನೂರಕ್ಕೆ ಎಂಬತ್ತು ಹಲ್ಲು ಉಳಿಯುತ್ತವೆ, ಹೊಸದರಲ್ಲೂ ಕೆಲವು ಹೋಗುತ್ತವೆ, ಚೀಟಿ ಬದಲಾಯಿಸದಿದ್ದರೂ ಆ ಹುಡುಗಿಯ ಹಲ್ಲು ಹೋಗುತ್ತಿತ್ತೋ ಏನೋ, ದೇವರಿಗೂ ಗೊತ್ತಿಲ್ಲ ಎಂದರು. ಅವನು ಅಲ್ಲೇ ನಿಂತಿದ್ದ. ಮೇಡಂ ಕನ್ನಡಕ ಹಾಕಿಕೊಂಡರು.

"ಹಾಲುಹಲ್ಲು ಕಣ್ರೀ," ಎಂದರು. "ಹೋಗಿ, ಊಟ ಮಾಡಿ."

ಅವನು ಊಟಕ್ಕೆ ಹೋಗಲಿಲ್ಲ. ಮೆಟ್ಟಿಲಿಳಿಯುತ್ತ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ನೆನಪಾಯಿತು. ಇಲ್ಲಿ ಕಳ್ಳ ತಾನೇ ಹೆಗಲು ತೋರಿಸಿದರೂ ನೋಡುವವರಿಲ್ಲ, ಕುಂಬಳಕಾಯಿ ತಾನೇ, ಇಟ್ಟುಕೋ ಎನ್ನುತ್ತಾರೆ. ನಗು ಬರಬೇಕಾದ ಜಾಗದಲ್ಲಿ ಬಾಯೊಳಗೆ ಉಪ್ಪುಪ್ಪಾಗಿ ರಕ್ತದ ರುಚಿ ಬಂತು. ಎರಡು ಮಹಡಿ ಇಳಿದು, ಊಟದ ಕೋಣೆಯ ಗದ್ದಲ ದಾಟಿ, ಇನ್ನೂ ಒಂದು ಮಹಡಿ ಕೆಳಗೆ ಹೋದ. ನೆಲಮಾಳಿಗೆಗೆ ಅವನು ಎಂದೂ ಬಂದಿರಲಿಲ್ಲ. ಹದಿಮೂರು ವರ್ಷ ಈ ಆಸ್ಪತ್ರೆಯ ಬಿಳಿ ಕೋಟು ತೊಟ್ಟಿದ್ದ, ಅವು ಎಲ್ಲಿ ಬಿಳಿಯಾಗುತ್ತವೆ ಎಂದು ನೋಡಿರಲಿಲ್ಲ. ಬಿಸಿಗಾಳಿ ಮುಖಕ್ಕೆ ಹೊಡೆಯಿತು, ಸಾಬೂನಿನದೂ ಸುಟ್ಟ ಬಟ್ಟೆಯದೂ ವಾಸನೆ. ಗುಂಡು ಬಾಗಿಲಿನ ಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ಲಾಂಡ್ರಿಯವಳು ಉದ್ದ ಮೇಜಿನ ಮುಂದೆ ಒಬ್ಬಳೇ ಇದ್ದಳು, ಜೊತೆಯವರು ಊಟಕ್ಕೆ ಹೋಗಿದ್ದರು. ಅವನನ್ನು ಕಂಡು ಗಾಬರಿಯಾಗಿ, ಎಕ್ಸ್‌ರೇಯಲ್ಲಿ ಏನಾದರೂ ಕಂಡಿತೇ ಎಂದು ಕೇಳಿದಳು. ಇಲ್ಲ, ಒಂದು ಮಾತು ಹೇಳುವುದಿತ್ತು ಎಂದ. ಅವಳ ಕೈಯಲ್ಲಿ ಆಗಷ್ಟೇ ಯಂತ್ರದಿಂದ ತೆಗೆದ ಚಾದರ ಇತ್ತು. ತಣ್ಣಗಾದರೆ ಸುಕ್ಕು ಹೋಗುವುದಿಲ್ಲ ಎಂದು ಅವಳು ಸಂಕೋಚದಿಂದ ಹೇಳಿದಾಗ ಅವನು ಇನ್ನೊಂದು ತುದಿ ಹಿಡಿದುಕೊಂಡ. ಚಾದರ ಬಿಸಿ ಇತ್ತು. ಇಬ್ಬರೂ ಎಳೆದು ನೇರ ಮಾಡಿದರು, ಉದ್ದಕ್ಕೆ ಮಡಿಸಿದರು, ಅವಳು ಮುಂದೆ ಬಂದು ಅವನ ತುದಿಯನ್ನು ತನ್ನ ತುದಿಗೆ ಸೇರಿಸಿಕೊಂಡಳು, ಮತ್ತೆ ಹಿಂದೆ ಸರಿದಳು. ಹಾಗೆ ಮೂರು ಚಾದರ ಮಡಿಸುವಷ್ಟರಲ್ಲಿ ಅವನು ಹೇಳಿ ಮುಗಿಸಿದ. ಮೇಡಂ ಮುಂದೆ ಹೇಳಿದಷ್ಟು ಸಲೀಸಾಗಿ ಬರಲಿಲ್ಲ. ತಿರುಳು, ಚೀಟಿ, ನಿಯಮ ಎಂದರೆ ಇವಳಿಗೇನು ತಿಳಿದೀತು ಎಂದು ಮಾತು ಹುಡುಕಿದ. ಕೊನೆಗೆ, ನಿಮ್ಮ ಮಗಳಿಗೆ ಬರಬೇಕಿದ್ದ ಒಳ್ಳೆಯ ಔಷಧಿಯನ್ನು ತೆಗೆದು ಬೇರೆ ಮಗುವಿಗೆ ಹಾಕಿದೆ, ಆ ಮಗುವಿನದನ್ನು ಇವಳಿಗೆ ಹಾಕಿದೆ ಎಂದ. ಮೇಡಂ ಹೇಳಿದ ನೂರಕ್ಕೆ ಎಂಬತ್ತರ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡಲಿಲ್ಲ.

ಅವಳು ಚಾದರ ಮಡಿಸುವುದನ್ನು ನಿಲ್ಲಿಸಿರಲಿಲ್ಲ. ಮಡಿಕೆಯನ್ನು ಅಂಗೈಯಿಂದ ಒತ್ತಿ, ಒತ್ತಿ, ಕೇಳಿದಳು.

"ಅಂದ್ರೆ, ಅವಳು ಸಿಹಿ ತಿಂದಿದ್ದಕ್ಕೆ ಹಾಗಾಗಿದ್ದಲ್ಲ?"

"ಅಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಲ್ಲಿನ ಮೇಲೆ ಟೋಪಿ ಇತ್ತು. ಸಿಹಿ ಒಳಗೆ ಹೋಗೋಕೆ ದಾರಿನೇ ಇರ್ಲಿಲ್ಲ."

"ನೀವು ಯಾಕೆ ಅವತ್ತೇ ಹೇಳ್ಲಿಲ್ಲ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಮೇಜಿನ ಅಂಚು ಹಿಡಿದು ನಿಂತಳು.

"ಬಾಯಿಗೆ ಹೊಡೆದಿದ್ದೆ ಡಾಕ್ಟ್ರೇ. ಕೆನ್ನೆ ಊದಿತ್ತಲ್ಲ, ಅವತ್ತು. ತಿಂದಿಲ್ಲ ಅಂತ ಆಣೆ ಇಟ್ಲು. ಸುಳ್ಳು ಬೇರೆ ಹೇಳ್ತೀಯಾ ಅಂತ ಆ ಬಾಯಿಗೇ ಹೊಡೆದೆ."

ತುಟಿಯಂಚಿನ ಗಾಯ, ಒಡೆದು ಹೆಪ್ಪುಗಟ್ಟಿದ್ದು. ಅದರ ಅಳತೆಯನ್ನು ಅವನು ಫಾರಂನಲ್ಲಿ ಬರೆದಿದ್ದ, ಎರಡು ಮಿಲಿಮೀಟರ್, ಕಾರಣ ತಿಳಿದಿಲ್ಲ ಎಂದು. ಅವಳು ಲಕೋಟೆಯ ವಿಷಯವನ್ನೇ ಎತ್ತಲಿಲ್ಲ. ಆಗಿನಿಂದ ಮಗಳು ತನ್ನ ಜೊತೆ ಕೇಳಿದ್ದಕ್ಕೆ ಮಾತ್ರ ಮಾತಾಡುತ್ತಾಳೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಕಳ್ಳಿ ಎಂದು ಅವಳಪ್ಪ ಅಡ್ಡಹೆಸರು ಇಟ್ಟಿದ್ದಾನೆ, ತಮಾಷೆಗೇ ಇಟ್ಟಿದ್ದು, ಆದರೆ ಇಟ್ಟಿದ್ದಾನೆ ಎಂದು ಹೇಳುತ್ತ ಹೋದಳು. ಆಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡು, ಬನ್ನಿ, ನೀವೇ ಅವಳಿಗೆ ಹೇಳಿ, ನಾನು ಹೇಳಿದರೆ ನಂಬುವುದಿಲ್ಲ ಎಂದಳು.

ಹುಡುಗಿ ಹಿಂದಿನ ಕೋಣೆಯಲ್ಲಿ ದಿಂಬಿನ ಚೀಲಗಳ ರಾಶಿಯ ಮೇಲೆ ಕೂತು ಶಾಲೆಯ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದಳು. ಡಾಕ್ಟರನ್ನು ಕಂಡು ಅಭ್ಯಾಸಬಲದಿಂದ ಬಾಯಿ ತೆರೆಯಹೋಗಿ ಮುಚ್ಚಿದಳು. ಅವನು ಅವಳ ಎದುರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ತಾಯಿ ಬಾಗಿಲಲ್ಲಿ ನಿಂತಿದ್ದಳು, ಅಷ್ಟರಲ್ಲಿ ಹೊರಗೆ ಯಂತ್ರವೊಂದು ಕೂಗಿಕೊಳ್ಳಲು ಶುರುಮಾಡಿತು. ಅವಳು ಎರಡು ಸಲ ತಿರುಗಿ ನೋಡಿ ಹೋದಳು. ಅವನು ಹೇಳಿದ. ನಿನ್ನ ಹಲ್ಲು ಹೋಗಿದ್ದು ನಿನ್ನ ತಪ್ಪಿನಿಂದ ಅಲ್ಲ, ನನ್ನ ತಪ್ಪಿನಿಂದ, ನಾನು ನಿನಗೆ ಹಾಕಬೇಕಾದ ಔಷಧಿ ಹಾಕಲಿಲ್ಲ ಎಂದ. ಅವಳು ಪೆನ್ಸಿಲ್ಲನ್ನು ಪುಸ್ತಕದ ನಡುವೆ ಇಟ್ಟು, ಪುಸ್ತಕ ಮುಚ್ಚಿ, ಬಾಗಿಲ ಕಡೆ ನೋಡಿ, ಬಹಳ ಸಣ್ಣ ದನಿಯಲ್ಲಿ ಹೇಳಿದಳು.

"ಆದ್ರೆ ನಾನು ತಿಂದಿದ್ದೆ."

"ತಿಂದ್ರೂ ಏನಾಗಲ್ಲ ಪುಟ್ಟಾ. ಟೋಪಿ ಹಾಕಿದ್ದೆ ನಾನು."

"ದಿನಾ ತಿಂತಿದ್ದೆ. ತಿಂದಿಲ್ಲ ಅಂತ ಅಮ್ಮನ ಮೇಲೆ ಆಣೆ ಮಾಡ್ದೆ. ಅದಕ್ಕೇ ಹಲ್ಲು ಹೋಗಿದ್ದು."

ಅವನು ಮತ್ತೆ ವಿವರಿಸಿದ. ಹಲ್ಲಿನ ಒಳಗಿನ ತಿರುಳು, ಅದರ ಮೇಲಿನ ಔಷಧಿ, ಅದರ ಮೇಲಿನ ಟೋಪಿ. ವಿದ್ಯಾರ್ಥಿಗಳಿಗೂ ಅಷ್ಟು ಬಿಡಿಸಿ ಹೇಳಿದವನಲ್ಲ. ಅವಳು ಕೇಳಿಸಿಕೊಂಡಳು. ದೊಡ್ಡವರು ಸಮಾಧಾನಕ್ಕೆ ಹೇಳುವ ಸುಳ್ಳನ್ನು ಮಕ್ಕಳು ಕೇಳಿಸಿಕೊಳ್ಳುತ್ತಾರಲ್ಲ, ಹಾಗೆ, ಮರ್ಯಾದೆಗೆ. ಅವಳ ಹತ್ತಿರ ತನ್ನದೇ ಕಾರಣ ಇತ್ತು. ಆರು ತಿಂಗಳು ಅದರ ಜೊತೆ ಒಬ್ಬಳೇ ಇದ್ದು ಅಭ್ಯಾಸ ಮಾಡಿಕೊಂಡಿದ್ದಳು. ಈಗ ಯಾರೋ ಬಂದು ಅದು ನನ್ನದು, ಕೊಡು ಎಂದರೆ ಕೊಡಲು ಅವಳು ತಯಾರಿರಲಿಲ್ಲ. ಅವನು ಮಾತು ನಿಲ್ಲಿಸಿದ. ಕಾಲು ಜೋಮು ಹಿಡಿದಿತ್ತು, ಏಳಲಿಕ್ಕೆ ಗೋಡೆ ಹಿಡಿಯಬೇಕಾಯಿತು.

"ಅಮ್ಮನಿಗೆ ಹೇಳ್ಬೇಡಿ," ಎಂದಳು ಹುಡುಗಿ.

ತಾಯಿ ಬಂದು, ಹೇಳಿದಿರಾ ಎಂದು ಕೇಳಿದಳು. ಹೇಳಿದೆ ಎಂದ. ಏನಂದಳು ಎಂದು ಕೇಳಿದಳು. ಹುಡುಗಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು, ಕೇಳಿಸಿಕೊಂಡಳು ಎಂದ. ಅಷ್ಟು ಸಾಕಾಯಿತು ತಾಯಿಗೆ. ಮಗಳ ತಲೆಯನ್ನು ಎಳೆದು ಹೊಟ್ಟೆಗೆ ಒತ್ತಿಕೊಂಡಳು, ಬಾಯಲ್ಲಿ ಏನೇನೋ ಅನ್ನುತ್ತಿದ್ದಳು, ಯಂತ್ರದ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಹುಡುಗಿ ಮರದ ಹಾಗೆ ಕೂತೇ ಇದ್ದಳು. ಸ್ವಲ್ಪ ಹೊತ್ತಿಗೆ ಅವಳ ಒಂದು ಕೈ ಮೇಲೆದ್ದು ತಾಯಿಯ ಏಪ್ರನ್ನಿನ ದಾರ ಹಿಡಿದುಕೊಂಡಿತು. ಅವನಿಗೆ ಹೊರಡಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಎದೆಯಲ್ಲಿ ಏನೋ ಇದೆ, ಗಟ್ಟಿಯಾಗಿದೆ, ಆದರೆ ನೋಯುತ್ತಿಲ್ಲ. ನೋಯುವುದು ಇನ್ನು ಮೇಲೆ ಇರಬಹುದು. ಇಂಜೆಕ್ಷನ್ನಿನ ಜೋಮು ಇಳಿಯಲು ಎರಡು ಮೂರು ಗಂಟೆ ಹಿಡಿಯುತ್ತದೆ ಎಂದು ತಾನೇ ಎಲ್ಲ ತಾಯಂದಿರಿಗೂ ಹೇಳಿ ಕಳಿಸುತ್ತಾನಲ್ಲ. ಅವರು ಮೇಜಿನ ಹತ್ತಿರ ಬಂದರು, ಅವನೂ ಹಿಂದೆ ಬಂದ. ಆಗ ತಾಯಿ, ಅವನ ಕಡೆ ತಿರುಗದೆ, ಕೇಳಿದಳು.

"ಆ ಇನ್ನೊಂದು ಮಗು ಯಾರದು?"

"ನಮ್ಮಕ್ಕನ ಮಗ."

"ಅವನ ಹಲ್ಲು ಚೆನ್ನಾಗಿದೆಯಾ?"

"ಇದೆ."

"ಸರಿ. ಒಂದಾದ್ರೂ ಉಳೀತಲ್ಲ," ಎಂದಳು.

ಅದು ಕರುಣೆಯೋ ಕಪಾಳಕ್ಕೆ ಹೊಡೆದದ್ದೋ ದನಿಯಿಂದ ತಿಳಿಯುವ ಹಾಗಿರಲಿಲ್ಲ. ಎರಡೂ ಅಲ್ಲದೆ, ಬರೀ ಸುದ್ದಿ ಕೇಳಿ ಆಡಿದ ಮಾತೂ ಇರಬಹುದು. ಅವಳು ಯಂತ್ರದ ಬಾಗಿಲು ತೆರೆದು ಇನ್ನೊಂದು ಚಾದರ ಎಳೆದಳು. ಅವನ ಕೈ ತಾನಾಗಿ ಮುಂದೆ ಚಾಚಿತು. ಅವಳು ಅದನ್ನು ನೋಡಿದಳು. ನೋಡಿ, ಚಾದರದ ಆ ತುದಿಯನ್ನು ಮಗಳ ಕೈಗೆ ಕೊಟ್ಟಳು.